ಮುಡುಕುತೊರೆಯ ಹಗಲು: ದಿನಮಾನ ಹಾಗೂ ಸೌರವಿಕಿರಣ ಗಣನೆಯ ಒಂದು ಐತಿಹಾಸಿಕ ವಿವೇಚನೆ

೧. ಪ್ರಸ್ತಾವನೆ

ಬಿಸಿಲನ್ನು ಅಳೆಯುವುದು ಉಪಕರಣದ ಕಾರ್ಯ. ಅಳೆದು ಬಂದ ಮೊತ್ತವನ್ನು ಎಷ್ಟು ಕಾಲದಿಂದ ಭಾಗಿಸಬೇಕೆಂಬುದನ್ನು ನಿರ್ಣಯಿಸುವುದು ಮನುಷ್ಯನ ಕಾರ್ಯ. ಮೊದಲನೆಯದು ಭೌತವಿಜ್ಞಾನಕ್ಕೆ ಸೇರಿದುದು. ಎರಡನೆಯದು ಕಾಲಗಣನೆಯ ಇತಿಹಾಸಕ್ಕೂ ಸೇರತಕ್ಕುದು. ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳ ಮಾಳಿಗೆಗಳ ಮೇಲೆಯೂ ಆಸಕ್ತರ ಮನೆಗಳ ಮೇಲೆಯೂ ಸಣ್ಣ ಹವಾಮಾಪನ ಕೇಂದ್ರಗಳು ಕಾಣಿಸಿಕೊಳ್ಳುತ್ತಿವೆ. ಇವು ಕೆಲವು ನಿಮಿಷಗಳಿಗೊಮ್ಮೆ ಉಷ್ಣತೆ, ಆರ್ದ್ರತೆ, ಗಾಳಿ, ಮಳೆಗಳೊಡನೆ ಸೌರವಿಕಿರಣವನ್ನೂ ಅತಿನೇರಳೆ ಕಿರಣದ ಸೂಚ್ಯಂಕವನ್ನೂ ದಾಖಲಿಸುತ್ತವೆ. ತಿಂಗಳ ಕೊನೆಗೆ ವಿದ್ಯಾರ್ಥಿಯು ಆ ಅಂಕಿಗಳ ಸರಾಸರಿಯನ್ನು ತೆಗೆಯಲು ಕುಳಿತಾಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ರಾತ್ರಿಯ ಸೊನ್ನೆಗಳನ್ನು ಲೆಕ್ಕಕ್ಕೆ ಹಿಡಿಯಬೇಕೆ, ಬಿಡಬೇಕೆ? ಬಿಡಬೇಕಾದರೆ ಹಗಲು ಎಲ್ಲಿ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ?

ಈ ಪ್ರಶ್ನೆ ಯಂತ್ರದೊಡನೆ ಹುಟ್ಟಿದುದಲ್ಲ. ನಮ್ಮ ನಾಡಿನಲ್ಲಿ ಪಂಚಾಂಗಕಾರರು ಇದನ್ನು ಬಹು ಹಿಂದೆಯೇ ಎದುರಿಸಿದ್ದರು. ಸಂಸ್ಥಾನದ ಹವಾಮಾನ ಇಲಾಖೆಯವರೂ ಅನಂತರ ವಿಕಿರಣಮಾಪನ ಜಾಲವನ್ನು ಕಟ್ಟಿದವರೂ ತಮ್ಮ ತಮ್ಮ ಬಗೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯನ್ನು ನೆಲೆಯಾಗಿಟ್ಟುಕೊಂಡು ಆ ಉತ್ತರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದು ಈ ಪ್ರಬಂಧದಲ್ಲಿ ನಮ್ಮ ಉದ್ದೇಶ. ಇಲ್ಲಿ ಬರುವ ದಿನಮಾನದ ಮತ್ತು ವಿಕಿರಣದ ಲೆಕ್ಕಗಳು ಈ ಸ್ಥಳದ ಅಕ್ಷಾಂಶ ರೇಖಾಂಶಗಳಿಗೆ ನಾವು ಮಾಡಿದವು. ಕಾಲೇಜಿನ ಗಣಿತವನ್ನು ಬಲ್ಲ ಯಾವ ವಾಚಕರಾದರೂ ಅವನ್ನು ಮತ್ತೆ ಮಾಡಿ ನೋಡಬಹುದು.

೨. ಸ್ಥಳ

ಕಾವೇರಿಯು ಮುಡುಕಿಕೊಂಡು, ಎಂದರೆ ತಿರುವಿಕೊಂಡು, ಹರಿಯುವ ಎಡೆಯಾದುದರಿಂದ ಮುಡುಕುತೊರೆ ಎಂಬ ಹೆಸರಾಯಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಹೊಳೆಯ ಬದಿಯ ಸೋಮಗಿರಿಯ ಮೇಲೆ ಮಲ್ಲಿಕಾರ್ಜುನನ ದೇವಾಲಯವಿದೆ. ವರ್ಷದ ಆರಂಭದ ತಿಂಗಳುಗಳಲ್ಲಿ ನಡೆಯುವ ಇಲ್ಲಿಯ ಜಾತ್ರೆಯೂ ದನಗಳ ಪರಿಷೆಯೂ ಸುತ್ತಣ ಸೀಮೆಯಲ್ಲೆಲ್ಲ ಪ್ರಸಿದ್ಧ. ಗಂಗರ ರಾಜಧಾನಿಯಾಗಿದ್ದ ತಲಕಾಡು ಸಮೀಪದಲ್ಲಿಯೇ ಇದೆ. ತಲಕಾಡಿನ ಪಂಚಲಿಂಗಗಳೆಂದು ಪೂಜೆಗೊಳ್ಳುವ ವೈದ್ಯನಾಥೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರಳೇಶ್ವರ, ಮಲ್ಲಿಕಾರ್ಜುನರಲ್ಲಿ ಐದನೆಯವನು ಮುಡುಕುತೊರೆಯವನು. ಇವರಲ್ಲಿ ಅರ್ಕೇಶ್ವರನ ಹೆಸರು ಸೂರ್ಯನನ್ನೇ ಸೂಚಿಸುತ್ತದೆ.

ಪಂಚಲಿಂಗ ದರ್ಶನವೆಂಬ ಮಹೋತ್ಸವಕ್ಕೆ ಕಾಲವನ್ನು ಗೊತ್ತುಮಾಡುವುದು ಸೂರ್ಯಚಂದ್ರರ ಸ್ಥಿತಿ. ಕಾರ್ತಿಕ ಬಹುಳದ ಅಮಾವಾಸ್ಯೆಯು ಸೋಮವಾರ ಕೂಡಿಬರುವುದು ಅದರ ಲಕ್ಷಣಗಳಲ್ಲಿ ಮುಖ್ಯವಾದುದು. ಹನ್ನೆರಡು ವರ್ಷಗಳಿಗೊಮ್ಮೆ ಬರುವ ಉತ್ಸವವೆಂಬ ಮಾತು ಬಳಕೆಯಲ್ಲಿದ್ದರೂ ೨೦೦೯ರ ನವೆಂಬರ್ ೧೬, ೨೦೧೩ರ ಡಿಸೆಂಬರ್ ೨, ೨೦೨೦ರ ಡಿಸೆಂಬರ್ ೧೪, ಈ ಮೂರು ಸೋಮವಾರಗಳನ್ನು ನೋಡಿದರೆ ನಡುವಣ ಅಂತರ ಒಮ್ಮೆ ನಾಲ್ಕು ವರ್ಷ, ಮತ್ತೊಮ್ಮೆ ಏಳು ವರ್ಷ. ಲೋಕದ ಮಾತಿನಲ್ಲಿ ಉಳಿಯುವುದು ದುಂಡು ಸಂಖ್ಯೆ. ಪಂಚಾಂಗದಲ್ಲಿ ನಿಲ್ಲುವುದು ಗಣನೆ. ಈ ಭೇದವನ್ನು ಮುಂದಿನ ವಿವೇಚನೆಯಲ್ಲಿಯೂ ನೆನಪಿನಲ್ಲಿಡಬೇಕಾಗುತ್ತದೆ.

ನಮ್ಮ ಲೆಕ್ಕಕ್ಕೆ ಬೇಕಾದುದು ಎರಡು ಅಂಕಿಗಳು: ಮುಡುಕುತೊರೆಯ ಅಕ್ಷಾಂಶ ಸುಮಾರು ೧೨.೨ ಡಿಗ್ರಿ ಉತ್ತರ. ರೇಖಾಂಶ ಸುಮಾರು ೭೭ ಡಿಗ್ರಿ ಪೂರ್ವ. ಇದು ಕರ್ಕಾಟಕ ಸಂಕ್ರಾಂತಿವೃತ್ತದಿಂದ ತೆಂಕಣಕ್ಕಿರುವುದರಿಂದ ಸೂರ್ಯನು ವರ್ಷದಲ್ಲಿ ಎರಡು ಸಲ, ಏಪ್ರಿಲ್ ೨೨ರ ಮತ್ತು ಆಗಸ್ಟ್ ೨೧ರ ಸುಮಾರಿಗೆ, ನಡುಹಗಲಿನಲ್ಲಿ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ನೆಟ್ಟ ಕಂಬಕ್ಕೆ ನೆರಳಿರುವುದಿಲ್ಲ.

೩. ಶಂಕುವಿನ ನೆರಳು ಮತ್ತು ದಿನಮಾನ

ಹಗಲಿನ ಉದ್ದವನ್ನು ಕುರಿತ ನಮ್ಮ ಅತಿ ಪ್ರಾಚೀನ ನಿಯಮ ವೇದಾಂಗಜ್ಯೋತಿಷದಲ್ಲಿ ದೊರೆಯುತ್ತದೆ. ವರ್ಷದ ಅತಿ ದೀರ್ಘವಾದ ಹಗಲು ಹದಿನೆಂಟು ಮುಹೂರ್ತ, ಅತಿ ಹ್ರಸ್ವವಾದುದು ಹನ್ನೆರಡು ಮುಹೂರ್ತ ಎಂದು ಅದರ ಮತ. ಕೌಟಿಲ್ಯನ ಅರ್ಥಶಾಸ್ತ್ರದ ದೇಶಕಾಲಮಾನ ಪ್ರಕರಣದಲ್ಲಿಯೂ ಇದೇ ಪ್ರಮಾಣವಿದೆ. ಈ ಎರಡು ಗ್ರಂಥಗಳಿಗೂ ಮೈಸೂರಿಗೂ ಸಂಬಂಧವುಂಟು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅರ್ಥಶಾಸ್ತ್ರದ ತಾಳೆಯೋಲೆ ಪ್ರತಿಯನ್ನು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಮಾಡಿಸಿದರು. ೧೯೩೬ರಲ್ಲಿ ವೇದಾಂಗಜ್ಯೋತಿಷವನ್ನೂ ಸಂಪಾದಿಸಿದರು. ಮಳೆಯನ್ನು ಪಾತ್ರೆಯಿಟ್ಟು ಅಳೆಯುವ ಕ್ರಮವೂ ಅರ್ಥಶಾಸ್ತ್ರದಲ್ಲಿ ಹೇಳಲ್ಪಟ್ಟಿರುವುದನ್ನು ಹವಾಮಾನದ ಇತಿಹಾಸವನ್ನು ಬರೆಯುವವರು ಮರೆಯಲಾಗದು.

ಒಂದು ಮುಹೂರ್ತಕ್ಕೆ ನಾಲ್ವತ್ತೆಂಟು ನಿಮಿಷಗಳಂತೆ ಹದಿನೆಂಟು ಮುಹೂರ್ತಗಳೆಂದರೆ ೧೪ ಗಂಟೆ ೨೪ ನಿಮಿಷ. ಹನ್ನೆರಡೆಂದರೆ ೯ ಗಂಟೆ ೩೬ ನಿಮಿಷ. ಇವೆರಡರ ಪ್ರಮಾಣ ಮೂರಕ್ಕೆ ಎರಡು. ಇದು ಭರತಖಂಡದ ವಾಯವ್ಯ ಭಾಗದ, ಸುಮಾರು ೩೫ ಡಿಗ್ರಿ ಅಕ್ಷಾಂಶದ, ಹಗಲಿಗೆ ಹೊಂದತಕ್ಕುದೇ ಹೊರತು ಕಾವೇರೀತೀರಕ್ಕೆ ಹೊಂದುವುದಿಲ್ಲ. ಮುಡುಕುತೊರೆಯಲ್ಲಿ ಸೂರ್ಯಬಿಂಬದ ಕೇಂದ್ರವನ್ನು ಹಿಡಿದು ಗಣಿಸಿದರೆ ಅತಿ ದೀರ್ಘವಾದ ಹಗಲು ೧೨ ಗಂಟೆ ೪೩ ನಿಮಿಷ, ಅತಿ ಹ್ರಸ್ವವಾದುದು ೧೧ ಗಂಟೆ ೧೭ ನಿಮಿಷ. ಪ್ರಮಾಣ ಒಂಬತ್ತಕ್ಕೆ ಎಂಟರಂತಾಗುತ್ತದೆ. ಒಂದು ದೇಶದಲ್ಲಿ ಸತ್ಯವಾದ ನಿಯಮವನ್ನು ಇನ್ನೊಂದು ದೇಶಕ್ಕೆ ಹಾಗೆಯೇ ಕೊಂಡೊಯ್ದರೆ ಅದು ಅಸತ್ಯವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಸಿದ್ಧಾಂತಜ್ಯೋತಿಷವು ಈ ಕೊರತೆಯನ್ನು ನೀಗಿತು. ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಹಗಲನ್ನು ತಿಳಿಯಲು ಅದು ಬಳಸಿದ ಉಪಕರಣ ಹನ್ನೆರಡು ಅಂಗುಲದ ಒಂದು ಶಂಕು ಮಾತ್ರ. ಹಗಲಿರುಳುಗಳು ಸಮವಾಗುವ ವಿಷುವದ್ದಿನದ ನಡುಹಗಲಿನಲ್ಲಿ ಆ ಶಂಕುವಿನ ನೆರಳು ಎಷ್ಟಂಗುಲವಿರುವುದೋ ಅದು ಆ ಊರಿನ ಪಲಭಾ. ಈ ಪಲಭೆಯನ್ನು ಮೂರು ಕಡೆ ಇಟ್ಟು ಕ್ರಮವಾಗಿ ಹತ್ತರಿಂದಲೂ ಎಂಟರಿಂದಲೂ ಹತ್ತರ ಮೂರನೆಯ ಒಂದು ಪಾಲಿನಿಂದಲೂ ಗುಣಿಸಿದರೆ ಮೂರು ಚರಖಂಡಗಳು ವಿಘಟಿಗಳಲ್ಲಿ ಬರುತ್ತವೆ. ೧೫೨೦ನ್ನು ಗಣನೆಯ ಆರಂಭವಾಗಿಟ್ಟುಕೊಂಡ ಗಣೇಶ ದೈವಜ್ಞನ ಗ್ರಹಲಾಘವದಲ್ಲಿಯೂ ಈ ನಿಯಮವಿದೆ.

ಮುಡುಕುತೊರೆಗೆ ಇದನ್ನು ಅನ್ವಯಿಸಿ ನೋಡೋಣ. ೧೨.೨ ಡಿಗ್ರಿ ಅಕ್ಷಾಂಶಕ್ಕೆ ಪಲಭಾ ಸುಮಾರು ೨.೫೯ ಅಂಗುಲ. ಚರಖಂಡಗಳು ಕ್ರಮವಾಗಿ ೨೫.೯, ೨೦.೮, ೮.೬ ವಿಘಟಿಗಳು; ಒಟ್ಟು ೫೫.೩. ವಿಘಟಿಯೊಂದಕ್ಕೆ ೨೪ ಸೆಕೆಂಡುಗಳಂತೆ ಇದು ೨೨.೧ ನಿಮಿಷ. ಉದಯದ ಕಡೆಗೂ ಅಸ್ತದ ಕಡೆಗೂ ಇಷ್ಟಿಷ್ಟು ಸೇರುವುದರಿಂದ ದೀರ್ಘತಮ ಹಗಲು ಹನ್ನೆರಡು ಗಂಟೆಗಿಂತ ೪೪ ನಿಮಿಷ ಹೆಚ್ಚು; ಪಂಚಾಂಗದ ಭಾಷೆಯಲ್ಲಿ ಸುಮಾರು ೩೧ ಘಟಿ ೫೧ ವಿಘಟಿ. ಇಂದಿನ ತ್ರಿಕೋಣಮಿತಿಯ ಗಣನೆಗೂ ಇದಕ್ಕೂ ಇರುವ ವ್ಯತ್ಯಾಸ ಸುಮಾರು ಒಂದು ನಿಮಿಷ ಮಾತ್ರ. ಆ ಒಂದು ನಿಮಿಷದ ಮೂಲವನ್ನೂ ಹೇಳಬಹುದು: ಸಿದ್ಧಾಂತಗಳು ಸೂರ್ಯನ ಪರಮಕ್ರಾಂತಿಯನ್ನು ೨೪ ಡಿಗ್ರಿಯೆಂದು ಹಿಡಿದವು, ಇಂದಿನ ಬೆಲೆ ೨೩.೪೪ ಡಿಗ್ರಿ. ೨೪ನ್ನೇ ಇಟ್ಟು ಇಂದಿನ ಸೂತ್ರದಿಂದ ಲೆಕ್ಕ ಹಾಕಿದರೆ ಬರುವುದೂ ಅದೇ ೨೨.೧ ನಿಮಿಷ.

ಸೂರ್ಯಬಿಂಬದ ಮೇಲಂಚು ಕಂಡುದೇ ಉದಯ, ಅದು ಮರೆಯಾದುದೇ ಅಸ್ತ ಎಂಬ ಇಂದಿನ ವಾಡಿಕೆಯನ್ನು ಹಿಡಿದು, ವಾಯುಮಂಡಲದಲ್ಲಿ ಬೆಳಕು ಬಾಗುವುದನ್ನೂ ಲೆಕ್ಕಿಸಿದರೆ, ಹಗಲು ಮತ್ತೆ ಸುಮಾರು ಏಳೂವರೆ ನಿಮಿಷ ಬೆಳೆಯುತ್ತದೆ. ಹೀಗೆ ಒಂದೇ ಊರಿನ ಒಂದೇ ಹಗಲಿಗೆ ಎರಡು ಉದ್ದಗಳು ಬರುತ್ತವೆ. ಎರಡೂ ಸರಿಯಾದುವೇ, ಯಾವುದನ್ನು ಹಿಡಿದೆವೆಂದು ಹೇಳದೆ ಬಿಡುವುದು ಮಾತ್ರ ಸರಿಯಲ್ಲ.

೪. ಗಡಿಯಾರ, ಮಳೆಮಾಪಕ, ಗಾಜಿನ ಗೋಳ

ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ಣಾಟಿಕದ ಮೂರನೆಯ ಸಂಪುಟ ೧೮೯೪ರಲ್ಲಿ ಪ್ರಕಟವಾಯಿತು. ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ಶಾಸನಗಳು ಅದರಲ್ಲಿ ಸೇರಿವೆ. ಶಾಸನಗಳಲ್ಲಿ ಕಾಲನಿರ್ದೇಶಕ್ಕೆ ತಿಥಿ, ವಾರ, ಸಂಕ್ರಮಣ, ಗ್ರಹಣಗಳನ್ನು ಹೇಳುವ ಪದ್ಧತಿ ಸುಪ್ರಸಿದ್ಧ. ಇದೇ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಲವನ್ನೂ ಹವೆಯನ್ನೂ ದಾಖಲಿಸುವ ಇನ್ನೊಂದು ಪದ್ಧತಿ ನೆಲೆಗೊಂಡಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವರ ನೇತೃತ್ವದಲ್ಲಿ ಸಂಸ್ಥಾನದ ಹವಾಮಾನ ಇಲಾಖೆ ಕೆಲಸಮಾಡತೊಡಗಿ, ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ಏರ್ಪಟ್ಟವು. ಕೆರೆ ಕಾಲುವೆಗಳನ್ನು ನಂಬಿದ ನಾಡಿನಲ್ಲಿ ಮೊದಲ ಗಮನ ಮಳೆಗೆ ಸಂದುದು ಸಹಜವೇ.

೧೯೦೬ರ ಆದಿಯಿಂದ ೮೨.೫ ಡಿಗ್ರಿ ರೇಖಾಂಶದ ಕಾಲವು ಭಾರತದ ಪ್ರಮಾಣಕಾಲವಾಯಿತು. ಮುಡುಕುತೊರೆ ಆ ರೇಖೆಯಿಂದ ಐದೂವರೆ ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಸರಾಸರಿ ೨೨ ನಿಮಿಷ ಹಿಂದೆ. ಅದರ ಮೇಲೆ ಭೂಮಿಯ ಗತಿಯ ಹೆಚ್ಚುಕಡಿಮೆಯಿಂದಲೂ ಅದರ ಅಕ್ಷದ ವಾಲುವಿಕೆಯಿಂದಲೂ ಬರುವ ವ್ಯತ್ಯಾಸವಿದೆ. ಇವೆರಡೂ ಕೂಡಿ, ನಿಜವಾದ ನಡುಹಗಲು ನವೆಂಬರ್ ಮೊದಲಲ್ಲಿ ೧೨ ಗಂಟೆ ೬ ನಿಮಿಷಕ್ಕೂ ಫೆಬ್ರವರಿಯ ನಡುವೆ ೧೨ ಗಂಟೆ ೩೬ ನಿಮಿಷಕ್ಕೂ ಆಗುತ್ತದೆ. ಬೆಳಗಿನ ಆರರಿಂದ ಸಂಜೆಯ ಆರರವರೆಗೆ ಹಗಲೆಂದು ಗೊತ್ತುಮಾಡಿದರೆ, ಜೂನ್ ೨೧ರಂದು ಸಂಜೆಯ ಸುಮಾರು ೪೯ ನಿಮಿಷಗಳ ಹಗಲು ಲೆಕ್ಕದಿಂದ ಹೊರಗುಳಿಯುತ್ತದೆ. ಫೆಬ್ರವರಿಯ ನಡುವೆ ಉದಯಕ್ಕೆ ಮುಂಚಿನ ಸುಮಾರು ೪೫ ನಿಮಿಷಗಳ ಸೊನ್ನೆಗಳು ಒಳಗೆ ಸೇರಿ, ಸಂಜೆಯ ೨೭ ನಿಮಿಷಗಳ ಬೆಳಕು ಬಿಟ್ಟುಹೋಗುತ್ತದೆ.

ಇದಲ್ಲದೆ 'ದಿನ' ಎಂಬ ಪದಕ್ಕೇ ಒಂದಕ್ಕಿಂತ ಹೆಚ್ಚು ಅರ್ಥಗಳು ಬಳಕೆಗೆ ಬಂದವು. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಕಚೇರಿಯ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಗಿನ ಎಂಟೂವರೆಯಿಂದ ಮರುದಿನದ ಎಂಟೂವರೆಗೆ. ಒಂದೇ ಊರಿನ ದಾಖಲೆಯಲ್ಲಿ ಈ ಮೂರೂ ಬರುವುದುಂಟು. ಸೌರವಿಕಿರಣವನ್ನು ಮಳೆಯೊಡನೆ ಹೋಲಿಸುವ ವಿದ್ಯಾರ್ಥಿಯು ಎರಡಕ್ಕೂ ಒಂದೇ ದಿನವಿದೆಯೆಂದು ಭಾವಿಸಿದರೆ, ರಾತ್ರಿ ಸುರಿದ ಮಳೆಯನ್ನು ಬಿಸಿಲಿದ್ದ ಬೇರೊಂದು ಹಗಲಿಗೆ ಜೋಡಿಸಿದಂತಾಗುತ್ತದೆ.

ಬಿಸಿಲಿನ ಅವಧಿಯನ್ನು ದಾಖಲಿಸಲು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಸಾಧನ ಗಾಜಿನ ಗೋಳ. ಜಾನ್ ಫ್ರಾನ್ಸಿಸ್ ಕ್ಯಾಂಬೆಲ್ ೧೮೫೩ರಲ್ಲಿ ಕಲ್ಪಿಸಿದ ಇದನ್ನು ಜಾರ್ಜ್ ಸ್ಟೋಕ್ಸ್ ೧೮೭೯ರಲ್ಲಿ ಸುಧಾರಿಸಿದನು. ಗೋಳವು ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸಿ, ಗಂಟೆಗಳನ್ನು ಗುರುತಿಸಿದ ರಟ್ಟಿನ ಪಟ್ಟಿಯನ್ನು ಸುಡುತ್ತ ಹೋಗುತ್ತದೆ. ಸುಟ್ಟ ಗೆರೆಯ ಉದ್ದವೇ ಬಿಸಿಲಿದ್ದ ಕಾಲ. ಮೋಡ ಕವಿದಾಗಲೂ ಸೂರ್ಯನು ದಿಗಂತಕ್ಕೆ ತೀರ ಸಮೀಪದಲ್ಲಿರುವಾಗಲೂ ರಟ್ಟು ಸುಡುವುದಿಲ್ಲ. ಆದಕಾರಣ ಈ ಸಾಧನದ ಹಗಲು ಪಂಚಾಂಗದ ಹಗಲಿಗಿಂತ ಗಿಡ್ಡ. ನೇರ ಬಿಸಿಲು ಚದರ ಮೀಟರಿಗೆ ೧೨೦ ವ್ಯಾಟ್‌ಗಳನ್ನು ಮೀರಿದ ಕಾಲವೇ ಬಿಸಿಲಿನ ಕಾಲವೆಂದು ವಿಶ್ವ ಹವಾಮಾನ ಸಂಸ್ಥೆ ಅನಂತರ ನಿಷ್ಕರ್ಷಿಸಿತು.

೫. ವಿಕಿರಣಮಾಪನ ಮತ್ತು ಅಣ್ಣಾ ಮಣಿ

ಬಿಸಿಲಿದ್ದ ಕಾಲದಿಂದ ವಿಕಿರಣದ ಮೊತ್ತವನ್ನು ಊಹಿಸುವ ಸೂತ್ರವನ್ನು ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರೋಮ್ ೧೯೨೪ರಲ್ಲಿ ಕೊಟ್ಟನು. ೧೯೪೦ರಲ್ಲಿ ಪ್ರೆಸ್ಕಾಟ್ ಅದನ್ನು ಮಾರ್ಪಡಿಸಿದನು. ಸೂತ್ರದ ತಿರುಳು ಇಷ್ಟು: ಆ ದಿನ ಬಿಸಿಲಿದ್ದ ಗಂಟೆಗಳನ್ನು ಆ ದಿನ ಇರಬಹುದಾಗಿದ್ದ ಗಂಟೆಗಳಿಂದ ಭಾಗಿಸಬೇಕು, ಆ ಭಾಗಲಬ್ಧದಿಂದ ವಿಕಿರಣದ ಮೊತ್ತ ನಿರ್ಧಾರವಾಗುತ್ತದೆ. ಇರಬಹುದಾಗಿದ್ದ ಗಂಟೆಗಳೆಂದರೆ ದಿನಮಾನವೇ. ಪಂಚಾಂಗಕಾರನು ಶಂಕುವಿನ ನೆರಳಿನಿಂದ ಪಡೆಯುತ್ತಿದ್ದ ಸಂಖ್ಯೆಯೇ ಇಪ್ಪತ್ತನೆಯ ಶತಮಾನದ ಸೂತ್ರದಲ್ಲಿ ಛೇದವಾಗಿ ಬಂದು ನಿಂತಿತು.

೧೯೫೭ರ ಜುಲೈಯಿಂದ ೧೯೫೮ರ ಡಿಸೆಂಬರ್‌ವರೆಗೆ ನಡೆದ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಭಾರತದಲ್ಲಿ ವಿಕಿರಣಮಾಪನ ಕೇಂದ್ರಗಳ ಜಾಲ ಏರ್ಪಟ್ಟಿತು. ಇದರ ಹಿಂದಿದ್ದ ಮುಖ್ಯ ಶಕ್ತಿ ಅಣ್ಣಾ ಮಣಿ (೧೯೧೮–೨೦೦೧). ತಿರುವಾಂಕೂರಿನ ಪೀರ್ಮೇಡಿನಲ್ಲಿ ಹುಟ್ಟಿದ ಈಕೆ ೧೯೪೦ರಿಂದ ೧೯೪೫ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಬಳಿ ವಜ್ರಗಳ ಮತ್ತು ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದರು. ಇಂಗ್ಲೆಂಡಿನಲ್ಲಿ ಹವಾಮಾನ ಉಪಕರಣಗಳ ವಿಷಯದಲ್ಲಿ ತರಬೇತಿ ಪಡೆದು ಬಂದು ೧೯೪೮ರಲ್ಲಿ ಹವಾಮಾನ ಇಲಾಖೆಯನ್ನು ಸೇರಿದರು. ಆಮದು ಉಪಕರಣಗಳನ್ನು ನಂಬಿದ್ದ ದೇಶದಲ್ಲಿ ಅವುಗಳ ತಯಾರಿಕೆಯನ್ನೂ, ಅದಕ್ಕಿಂತ ಮುಖ್ಯವಾಗಿ ಒಂದು ಉಪಕರಣದ ಓದನ್ನು ಮತ್ತೊಂದರೊಡನೆ ಸರಿಹೋಲಿಸುವ ಶಿಸ್ತನ್ನೂ ಆಕೆ ನೆಲೆಗೊಳಿಸಿದರು. ೧೯೬೦ರ ದಶಕದಲ್ಲಿ ಓಜೋನ್ ಮಾಪಕವೂ ಅವರ ಮಾರ್ಗದರ್ಶನದಲ್ಲಿ ಸಿದ್ಧವಾಯಿತು.

೧೯೭೬ರಲ್ಲಿ ನಿವೃತ್ತರಾದ ಮೇಲೆ ಅವರು ಬೆಂಗಳೂರಿಗೆ ಬಂದು ರಾಮನ್ ಸಂಶೋಧನ ಸಂಸ್ಥೆಯಲ್ಲಿ ಕೆಲಸಮಾಡಿದರು. ಭಾರತದ ಸೌರವಿಕಿರಣ ದತ್ತಾಂಶಗಳ ಕೈಪಿಡಿ ೧೯೮೦ರಲ್ಲಿಯೂ, ಎಸ್. ರಂಗರಾಜನ್ ಅವರೊಡನೆ ಬರೆದ ಭಾರತದ ಸೌರವಿಕಿರಣವೆಂಬ ಗ್ರಂಥ ೧೯೮೨ರಲ್ಲಿಯೂ ಹೊರಬಂದವು. ವಿಕಿರಣದ ದಾಖಲೆಗಳನ್ನು ಪ್ರಮಾಣಕಾಲದ ಗಂಟೆಗಳಿಗೆ ಕಟ್ಟದೆ ಆಯಾ ಸ್ಥಳದ ಸೌರಕಾಲದ ಗಂಟೆಗಳಿಗೆ ಹೊಂದಿಸಿ ಕೊಡುವ ಪದ್ಧತಿಯನ್ನು ಈ ಪರಂಪರೆ ಇಟ್ಟುಕೊಂಡುಬಂದಿತು. ನಡುಹಗಲು ಯಾವ ಊರಿನಲ್ಲಿಯೂ ನಡುಹಗಲಾಗಿಯೇ ಉಳಿಯಬೇಕೆಂಬ ಹಳೆಯ ವಿವೇಕವೇ ಇದರಲ್ಲಿಯೂ ಕಾಣುತ್ತದೆ.

೬. ಛೇದದ ಪ್ರಶ್ನೆ

ದಿನದ ಒಟ್ಟು ವಿಕಿರಣವನ್ನು ಇಪ್ಪತ್ತನಾಲ್ಕು ಗಂಟೆಗಳಿಂದ ಭಾಗಿಸುವುದಕ್ಕೂ ದಿನಮಾನದಿಂದ ಭಾಗಿಸುವುದಕ್ಕೂ ಅಂತರವೇನೆಂದು ಕೇಳಬಹುದು. ಒಂದು ಇನ್ನೊಂದರ ಅರ್ಧದಷ್ಟಿರುತ್ತದೆ, ಅಷ್ಟೇ ತಾನೆ ಎಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಆದರೆ ಅಂತರ ಅಷ್ಟಕ್ಕೆ ನಿಲ್ಲುವುದಿಲ್ಲ.

ಮೋಡ, ಧೂಳುಗಳ ತೊಡಕನ್ನು ಬದಿಗಿಡುವ ಸಲುವಾಗಿ, ಮುಡುಕುತೊರೆಯ ಮೇಲೆ ವಾಯುಮಂಡಲದ ಹೊರ ಅಂಚಿಗೆ ಬಂದು ಬೀಳುವ ವಿಕಿರಣವನ್ನು ಗಣಿಸಿದ್ದೇವೆ. ಸೌರಸ್ಥಿರಾಂಕವನ್ನು ಚದರ ಮೀಟರಿಗೆ ೧೩೬೧ ವ್ಯಾಟ್ ಎಂದಿಟ್ಟುಕೊಂಡಿದ್ದೇವೆ. ಸೂರ್ಯಭೂಮಿಗಳ ಅಂತರದ ವ್ಯತ್ಯಾಸವನ್ನೂ ಸೇರಿಸಿದ್ದೇವೆ. ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯು ಮಾರ್ಚ್ ವಿಷುವದಲ್ಲಿ ೪೨೭, ಜೂನ್ ೨೧ರಂದು ೪೩೩, ಡಿಸೆಂಬರ್ ೨೧ರಂದು ೩೪೪ ವ್ಯಾಟ್‌ಗಳು. ಕೇಂದ್ರೋದಯದಿಂದ ಕೇಂದ್ರಾಸ್ತದವರೆಗಿನ ಹಗಲಿನ ಸರಾಸರಿಯಾದರೋ ಕ್ರಮವಾಗಿ ೮೫೪, ೮೧೮, ೭೩೨ ವ್ಯಾಟ್‌ಗಳು.

ವಾಚಕರು ಈ ಎರಡು ಸಾಲುಗಳನ್ನು ಹೋಲಿಸಿ ನೋಡಬೇಕು. ಮೊದಲನೆಯದರ ಪ್ರಕಾರ ಜೂನ್ ಮಾರ್ಚಿಗಿಂತ ಮೇಲು. ಎರಡನೆಯದರ ಪ್ರಕಾರ ಮಾರ್ಚ್ ಜೂನಿಗಿಂತ ಮೇಲು. ಸೂರ್ಯನು ಬದಲಾಗಲಿಲ್ಲ, ಸ್ಥಳ ಬದಲಾಗಲಿಲ್ಲ. ಛೇದ ಬದಲಾದುದರಿಂದ ತಿಂಗಳುಗಳ ಸ್ಥಾನವೇ ತಲೆಕೆಳಗಾಯಿತು. ಕಾರಣ ಸ್ಪಷ್ಟವಾಗಿದೆ: ಜೂನಿನಲ್ಲಿ ಹಗಲು ಉದ್ದವಾದುದರಿಂದ ಒಟ್ಟು ಮೊತ್ತ ಹೆಚ್ಚು, ಮಾರ್ಚಿನಲ್ಲಿ ಹಗಲು ಗಿಡ್ಡವಾದರೂ ಗಂಟೆಗಂಟೆಯ ತೀವ್ರತೆ ಹೆಚ್ಚು. ಒಂದು ದಿನಕ್ಕೆ ಒಟ್ಟು ಎಷ್ಟು ಶಕ್ತಿ ಬಂದಿತೆಂದು ಕೇಳುವ ಬೆಳೆಗಾರನಿಗೂ ಸೌರಫಲಕದ ಒಡೆಯನಿಗೂ ಮೊದಲ ಸಾಲು ಬೇಕು. ಬಿಸಿಲಿನಲ್ಲಿ ನಿಂತು ದುಡಿಯುವವನಿಗೆ ಎರಡನೆಯದು ಬೇಕು. ಯಾವುದೂ ತಪ್ಪಲ್ಲ, ಹೆಸರಿಲ್ಲದ 'ಸರಾಸರಿ'ಯೇ ತಪ್ಪು.

೭. ಮನೆಯ ಮೇಲಣ ಕೇಂದ್ರ

ಇಂದಿನ ಸಣ್ಣ ಕೇಂದ್ರಗಳ ದತ್ತಾಂಶವನ್ನು ಬಳಸುವವರು ಹಗಲನ್ನು ಗೊತ್ತುಮಾಡಲು ಸಾಮಾನ್ಯವಾಗಿ ಮೂರು ದಾರಿಗಳನ್ನು ಹಿಡಿಯುತ್ತಾರೆ. ಗಡಿಯಾರದ ನಿಯತ ಗಂಟೆಗಳನ್ನು ಹಿಡಿಯುವುದು ಮೊದಲನೆಯದು. ಅದರ ದೋಷವನ್ನು ಮೇಲೆ ಕಂಡೆವು. ಸಂವೇದಕದ ಓದು ಸೊನ್ನೆಯನ್ನು, ಅಥವಾ ಗೊತ್ತಾದ ಒಂದು ಮಿತಿಯನ್ನು, ಮೀರಿದಾಗಲೆಲ್ಲ ಹಗಲೆಂದು ಎಣಿಸುವುದು ಎರಡನೆಯದು. ಅಕ್ಷಾಂಶ ರೇಖಾಂಶಗಳಿಂದ ಆಯಾ ದಿನದ ಉದಯಾಸ್ತಗಳನ್ನು ಗಣಿಸಿ ಅವುಗಳ ನಡುವಣ ಓದುಗಳನ್ನೆಲ್ಲ ಹಿಡಿಯುವುದು ಮೂರನೆಯದು.

ಎರಡನೆಯ ದಾರಿ ಸುಲಭವಾದುದರಿಂದ ಹೆಚ್ಚು ರೂಢಿಯಲ್ಲಿದೆ. ಅದರ ಕಷ್ಟವನ್ನು ಒಂದು ಕಲ್ಪಿತ ಉದಾಹರಣೆಯಿಂದ ತೋರಿಸಬಹುದು. ಒಂದು ದಿನ ಚದರ ಮೀಟರಿಗೆ ೫೦೦೦ ವ್ಯಾಟ್-ಗಂಟೆಗಳ ವಿಕಿರಣ ಬಂದಿತೆನ್ನೋಣ. ಹನ್ನೆರಡು ಗಂಟೆಗಳ ಹಗಲಿನಿಂದ ಭಾಗಿಸಿದರೆ ಸರಾಸರಿ ೪೧೭. ದಟ್ಟ ಮೋಡದಿಂದ ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಅರ್ಧರ್ಧ ಗಂಟೆ ಓದು ಮಿತಿಯನ್ನು ಮುಟ್ಟದೆ ಹೋದರೆ ಛೇದ ಹನ್ನೊಂದಕ್ಕಿಳಿಯುತ್ತದೆ. ಬಿಟ್ಟುಹೋದ ಮೊತ್ತ ಗಣನೆಗೆ ಬಾರದಷ್ಟು ಅಲ್ಪವಾದುದರಿಂದ ಸರಾಸರಿ ಸುಮಾರು ೪೫೪ಕ್ಕೆ ಏರುತ್ತದೆ. ಮೋಡ ಕವಿದ ಫಲವಾಗಿ ಬಿಸಿಲು ಹೆಚ್ಚಿತೆಂದು ಲೆಕ್ಕ ಹೇಳಿದಂತಾಯಿತು! ಸೂರ್ಯನನ್ನು ಅಳೆಯಬೇಕಾದ ಸಾಧನಕ್ಕೆ ಹಗಲನ್ನೂ ನಿರ್ಣಯಿಸುವ ಅಧಿಕಾರ ಕೊಟ್ಟುದರ ಪರಿಣಾಮವಿದು. ಆದಕಾರಣ ಮೂರನೆಯ ದಾರಿಯೇ ಶ್ರೇಷ್ಠವೆಂದು ನಮ್ಮ ಮತ. ಅದರ ಛೇದ ಮೋಡವನ್ನವಲಂಬಿಸದೆ ಆಕಾಶವನ್ನವಲಂಬಿಸುತ್ತದೆ. ಪಲಭೆಯ ಗಣಿತವೂ ಇದೇ ಬಗೆಯದು.

ಇನ್ನೆರಡು ಎಚ್ಚರಿಕೆಗಳು ಅವಶ್ಯ. ವಿದ್ಯುತ್ತು ನಿಂತು ನಡುಹಗಲಿನ ಎರಡು ಗಂಟೆಗಳ ಓದುಗಳು ಕಾಣೆಯಾದ ದಿನದ ಸರಾಸರಿ, ಉಳಿದ ಓದುಗಳು ಎಷ್ಟೇ ನಿಷ್ಕೃಷ್ಟವಾಗಿದ್ದರೂ, ಕಡಿಮೆಯಾಗಿಯೇ ಬರುತ್ತದೆ. ಅಂಥ ದಿನವನ್ನು ಗುರುತುಹಾಕಿ ಪ್ರತ್ಯೇಕಿಸಬೇಕು. ಎರಡನೆಯದಾಗಿ, ಅಗ್ಗದ ಕೆಲವು ಕೇಂದ್ರಗಳು ವಿಕಿರಣವನ್ನು ನೇರವಾಗಿ ಅಳೆಯದೆ ಬೆಳಕನ್ನು ಅಳೆದು, ಸುಮಾರು ೧೨೬.೭ ಲಕ್ಸಿಗೆ ಒಂದು ವ್ಯಾಟ್‌ನಂತೆ ಪರಿವರ್ತಿಸಿ ತೋರಿಸುತ್ತವೆ. ಈ ಪ್ರಮಾಣ ನಿಚ್ಚಳ ಬಿಸಿಲಿಗೆ ಹತ್ತಿರವಾದುದು. ಸಂಜೆಗೆಂಪಿನಲ್ಲಿಯೂ ಮೋಡದ ಬೆಳಕಿನಲ್ಲಿಯೂ ಅದು ಹಾಗೆಯೇ ನಿಲ್ಲದು. ಹದಿನೆಂಟು ಮುಹೂರ್ತದ ನಿಯಮವನ್ನು ಕಾವೇರಿಗೆ ತಂದಂತೆಯೇ ಇದು ಎಂದು ನಾವು ಹೇಳಬಹುದು.

೮. ಅತಿನೇರಳೆ ಕಿರಣ

ಕಣ್ಣಿಗೆ ಕಾಣದ ಈ ಕಿರಣಗಳನ್ನು ಜರ್ಮನಿಯ ಯೋಹಾನ್ ರಿಟ್ಟರ್ ೧೮೦೧ರಲ್ಲಿ ಬೆಳ್ಳಿಯ ಲವಣ ಕಪ್ಪಾಗುವುದರಿಂದ ಕಂಡುಹಿಡಿದನು. ಅವು ಚರ್ಮವನ್ನು ಸುಡುವ ಬಲ ತರಂಗದಿಂದ ತರಂಗಕ್ಕೆ ಬೇರೆ. ೧೯೮೭ರಲ್ಲಿ ಮ್ಯಾಕಿನ್ಲೇ ಮತ್ತು ಡಿಫಿ ಅವರು ಆ ಬಲದ ಪಟ್ಟಿಯನ್ನು ರೂಪಿಸಿದರು. ೧೯೯೨ರಲ್ಲಿ ಕೆನಡಾದಲ್ಲಿ ಬಳಕೆಗೆ ಬಂದ ಅತಿನೇರಳೆ ಸೂಚ್ಯಂಕವನ್ನು ಅನಂತರ ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವ ಹವಾಮಾನ ಸ೦ಸ್ಥೆಯೂ ಅಂಗೀಕರಿಸಿದವು. ಚರ್ಮವನ್ನು ಸುಡುವ ಬಲಕ್ಕನುಸಾರ ತೂಗಿದ ವಿಕಿರಣವನ್ನು ಚದರ ಮೀಟರಿಗೆ ವ್ಯಾಟ್‌ಗಳಲ್ಲಿ ಪಡೆದು ನಲವತ್ತರಿಂದ ಗುಣಿಸಿದರೆ ಸೂಚ್ಯಂಕ ಬರುತ್ತದೆ. ಎರಡರವರೆಗೆ ಅಲ್ಪ, ಮೂರರಿಂದ ಐದು ಮಧ್ಯಮ, ಆರು ಏಳು ಅಧಿಕ, ಎಂಟರಿಂದ ಹತ್ತು ಅತ್ಯಧಿಕ, ಹನ್ನೊಂದು ಮತ್ತು ಅದಕ್ಕೆ ಮೇಲ್ಪಟ್ಟುದು ತೀವ್ರತಮ ಎಂದು ವರ್ಗೀಕರಣ. ಸೂರ್ಯನು ನೆತ್ತಿಯ ಮೇಲೆ ಬರುವ ನಮ್ಮ ಅಕ್ಷಾಂಶದಲ್ಲಿ ನಿರಭ್ರವಾದ ನಡುಹಗಲಿನ ಸೂಚ್ಯಂಕ ಹನ್ನೊಂದನ್ನು ದಾಟುವುದು ವಿರಳವಲ್ಲ.

ಛೇದದ ಪ್ರಶ್ನೆ ಇಲ್ಲಿ ಇನ್ನೂ ಗಂಭೀರವಾಗುತ್ತದೆ. ಹನ್ನೆರಡು ಗಂಟೆಗಳ ಹಗಲಿನಲ್ಲಿ ಸೂಚ್ಯಂಕವು ಉದಯದಲ್ಲಿ ಸೊನ್ನೆಯಿಂದ ಹೊರಟು ಸಮನಾಗಿ ಏರಿ ನಡುಹಗಲಿನಲ್ಲಿ ಹನ್ನೆರಡನ್ನು ಮುಟ್ಟಿ ಹಾಗೆಯೇ ಇಳಿಯಿತೆಂದು ಭಾವಿಸೋಣ. ಹಗಲಿನ ಸರಾಸರಿ ಆರು. ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ ಮೂರು. ಒಂದೇ ದಿನ ಒಂದು ಲೆಕ್ಕಕ್ಕೆ ಮಧ್ಯಮ, ಇನ್ನೊಂದಕ್ಕೆ ಅಧಿಕ, ಮತ್ತೊಂದಕ್ಕೆ ತೀವ್ರತಮ! ವಸ್ತುತಃ ಅತಿನೇರಳೆ ಕಿರಣ ನಡುಹಗಲಿನ ಸುತ್ತ ಇದಕ್ಕಿಂತಲೂ ಹೆಚ್ಚು ಒತ್ತಾಗಿರುತ್ತದೆ. ಸೂರ್ಯನು ಕೆಳಗಿರುವಾಗ ಕಿರಣಗಳು ಓಜೋನ್ ಪದರದಲ್ಲಿ ಓರೆಯಾಗಿ ಬಹುದೂರ ಹಾಯ್ದು ಬರಬೇಕಾಗುವುದೇ ಇದಕ್ಕೆ ಕಾರಣ. ಆದುದರಿಂದ ಈ ವಿಷಯದಲ್ಲಿ ಸರಾಸರಿಯೊಂದನ್ನೇ ಕೊಡುವುದು ಸಾಲದು. ದಿನದ ಗರಿಷ್ಠವನ್ನೂ, ಸೂಚ್ಯಂಕ ಎಂಟನ್ನು ಮೀರಿದ ಅವಧಿಯನ್ನೂ, ಒಟ್ಟು ಪ್ರಮಾಣವನ್ನೂ ಕೊಡಬೇಕು. ಸೂಚ್ಯಂಕ ಒಂದು ಒಂದು ಗಂಟೆಯವರೆಗೆ ಇದ್ದರೆ ಚದರ ಮೀಟರಿಗೆ ೯೦ ಜೌಲ್. ಹನ್ನೊಂದು ಮೂರು ಗಂಟೆ ಇದ್ದರೆ ೨೯೭೦ ಜೌಲ್. ಈ ಗುಣಾಕಾರ ಯಾವ ವಿದ್ಯಾರ್ಥಿಗೂ ಭಾರವಲ್ಲ.

೯. ಉಪಸಂಹಾರ

ಇದು ಬರಿಯ ಅಂಕಿಗಳ ವಿನೋದವಲ್ಲ. ತಲಕಾಡು ಮುಡುಕುತೊರೆಗಳ ಸುತ್ತಣ ಕಾಲುವೆ ಬಯಲುಗಳಲ್ಲಿ ನಾಟಿ ಹಾಕುವ, ಕಳೆ ಕೀಳುವ ಹೆಣ್ಣಾಳುಗಳು ನಡುಹಗಲಿನ ಬಿಸಿಲನ್ನು ಬೆನ್ನಮೇಲೆ ಹೊತ್ತು ದುಡಿಯುತ್ತಾರೆ. ಅವರ ಊರಿನ ಅತಿನೇರಳೆ ಕಿರಣ 'ಮಧ್ಯಮ'ವೆಂದು ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ ಹೇಳಿದರೆ, ಅವರು ಮನೆಯೊಳಗೆ ಮಲಗಿದ್ದ ರಾತ್ರಿಯನ್ನು ಅವರ ಬಿಸಿಲಿನೊಡನೆ ಬೆರೆಸಿ ತಂಪುಮಾಡಿದಂತಾಗುತ್ತದೆ. ರಾಜ್ಯದ ಕಲಬುರಗಿ, ಬೆಳಗಾವಿ ವಿಭಾಗಗಳಲ್ಲಿ ಬೇಸಗೆಯ ತಿಂಗಳುಗಳಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿಗೆ ಬದಲಾಯಿಸುವ ವಾಡಿಕೆಯಿದೆ. ಹೊಲದ ದುಡಿಮೆಗೂ ಇಂಥದೊಂದು ವಿಚಾರ ಎಂದಾದರೂ ನಡೆಯಬೇಕಾದರೆ ಗಂಟೆಗಂಟೆಯ ಸ್ಥಳೀಯ ದಾಖಲೆ ಬೇಕಾಗುತ್ತದೆ.

ಮಳೆಯ ವಿಷಯದಲ್ಲಿ ನಮ್ಮ ರಾಜ್ಯ ಬಹುದೂರ ಸಾಗಿದೆ. ೧೯೮೮ರಲ್ಲಿ ಬರಪರಿಸ್ಥಿತಿಯ ವೀಕ್ಷಣೆಗಾಗಿ ಆರಂಭವಾದ ಘಟಕವು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗಳ ಮಟ್ಟಕ್ಕೆ ಮಳೆಮಾಪಕಗಳನ್ನು ಒಯ್ದಿತು. ಬಿಸಿಲಿನ ವಿಷಯದಲ್ಲಿ ಕಾಲೇಜುಗಳೂ ಆಸಕ್ತರ ಮನೆಗಳೂ ನೆರವಾಗಬಹುದು. ಅವುಗಳ ದಾಖಲೆ ಮುಂದಿನವರಿಗೆ ಉಪಯುಕ್ತವಾಗಬೇಕಾದರೆ ಪ್ರತಿಯೊಂದು ಸರಾಸರಿಯ ಪಕ್ಕದಲ್ಲಿ ನಾಲ್ಕು ಸಂಗತಿಗಳು ಬರೆದಿರಬೇಕು: ಹಗಲನ್ನು ಹೇಗೆ ಗೊತ್ತುಮಾಡಲಾಯಿತು, ಯಾವ ಕಾಲವನ್ನು ಅನುಸರಿಸಲಾಯಿತು, ಎಷ್ಟು ಓದುಗಳು ಕಾಣೆಯಾಗಿದ್ದವು, ಸಂವೇದಕವನ್ನು ಯಾವುದರೊಡನೆ, ಎಂದು, ಸರಿಹೋಲಿಸಲಾಯಿತು.

ಶಾಸನಗಳಲ್ಲಿ ಶಕವರ್ಷದೊಡನೆ ತಿಥಿಯನ್ನೂ ವಾರವನ್ನೂ ಬರೆದಿರುವೆಡೆಗಳಲ್ಲಿ ನಾವು ಇಂದು ಗಣಿಸಿ ಅವುಗಳ ದಿನವನ್ನು ಪರೀಕ್ಷಿಸಬಲ್ಲೆವು. ಬರೆದವರು ತಮ್ಮ ಅಳತೆಯ ಆಧಾರವನ್ನು ಅಳತೆಯೊಡನೆಯೇ ಇಟ್ಟುಹೋದುದರಿಂದ ಅದು ಸಾಧ್ಯವಾಯಿತು. ನಮ್ಮ ಕಾಲದ ಅಂಕಿಗಳನ್ನು ಮುಂದೆ ಪರೀಕ್ಷಿಸುವವರಿಗೂ ಅಷ್ಟು ಸೌಕರ್ಯವನ್ನು ನಾವು ಮಾಡಿಕೊಡತಕ್ಕುದು.